ಅವರ್ಸಾದಿಂದ ಬಿಣಗಾವರೆಗಿನ ಇಂಗ್ಲಿಷು

ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಎಂಟೂ ಹತ್ತರ ಕಾರವಾರ ಬಸ್ಸು ಹತ್ತಿದೊಡನೆ ನಾನು ಮಾಡುವ ಮೊದಲ ಕೆಲಸ, ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸುವುದು. ಯಾರಾದರೂ ಬಂದು "ಇಲ್ಲಿ ಯಾರಾದ್ರೂ ಬತ್ರಾ?" ಎಂದು ಕೇಳಿದರೆ "ಬತ್ರು" ಎನ್ನುತ್ತೇನೆ. ಅವರು ಮುಖ ಸಿಂಡರಿಸಿಕೊಂಡು ಮುಂದೆ ಹೋಗುತ್ತಾರೆ. ಬಸ್ಸು ಅವರ್ಸಾದಲ್ಲಿ ನಿಂತು, ಹತ್ತುವವರೆಲ್ಲ ಹತ್ತಿ, ಕಂಡಕ್ಟರು ಸೀಟಿ ಊದಿದ ಮೇಲೆ ಕರವಸ್ತ್ರ ತೆಗೆದು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಬರುವವರು ಯಾರೂ ಇಲ್ಲವೆಂದು ನನಗೆ ಅಂಕೋಲೆಯಲ್ಲೇ ಗೊತ್ತಿರುತ್ತದೆ. ಆದರೂ ಅಷ್ಟು ದೂರ ಆ ಸೀಟು ಅವಳದ್ದು.

ಅವಳು ಎಂದರೆ ಶಾಲಿನಿ. ನನಗಿಂತ ಮೂರು ವರ್ಷ ದೊಡ್ಡವಳು, ಆದ್ದರಿಂದ ಶಾಲಿನಕ್ಕ. ಕಾರವಾರದ ನಮ್ಮ ಕಚೇರಿಯಲ್ಲಿ ಅವಳದ್ದು ಆವಕ, ನನ್ನದು ಜಾವಕ. ಬಂದ ಕಾಗದಗಳನ್ನೆಲ್ಲ ಅವಳು ಬರೆದುಕೊಳ್ಳುತ್ತಿದ್ದಳು, ಹೋಗುವ ಕಾಗದಗಳನ್ನು ನಾನು. ಎದುರುಬದುರು ಮೇಜು. ಮನೆಮಾತು ಅವಳಿಗೆ ಕೊಂಕಣಿ, ನನಗೆ ಕನ್ನಡ. ನಮ್ಮಿಬ್ಬರ ನಡುವೆ ಬಹುಕಾಲ ಓಡಾಡಿದ್ದು ಮಾತ್ರ ಇಂಗ್ಲಿಷು. ಅದೂ ಅವರ್ಸಾದಿಂದ ಬಿಣಗಾವರೆಗೆ.

ಅದು ಶುರುವಾದದ್ದು ನಾಚಿಕೆಯಿಂದ. ಕಚೇರಿಗೆ ಹೊರಗಿನ ರಾಜ್ಯದ ಅಧಿಕಾರಿಯೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಕನ್ನಡ ಬಾರದು. ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ನಿಂತು "ಹೌ ಆರ್ ಯೂ?" ಎಂದರು. ಕೇಳಿದ್ದಾರಲ್ಲ, ಹೇಳದಿದ್ದರೆ ಹೇಗೆ ಎಂದು ನಾನು ಮೊಣಕಾಲು ನೋವಿನಿಂದ ಶುರುಮಾಡಿದೆ. ಬಲಗಾಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನೆನಪಾಗದೆ ಕೈಯಿಂದ ತಟ್ಟಿ ತೋರಿಸಿದೆ. ಅಲ್ಲಿಂದ ಮನೆಯ ಬೆಕ್ಕು ನನ್ನ ಸೀರೆಯ ಗಂಟಿನೊಳಗೆ ಮರಿ ಹಾಕಿದ್ದಕ್ಕೆ ಹೋದೆ. ಆ ಪುಣ್ಯಾತ್ಮರು ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟುಕೊಂಡು ಮೂರನೆಯ ಮರಿಯವರೆಗೂ ಕೇಳಿದರು. ಅವರು ಹೋದ ಮೇಲೆ ಶಾಲಿನಕ್ಕ ಆವಕ ರಿಜಿಸ್ಟರಿನಲ್ಲಿ ಮುಖ ಹುದುಗಿಸಿಕೊಂಡು ನಕ್ಕಳು. "ಮಾರಾಯ್ತಿ, ಅವ್ರು ಕೇಳಿದ್ದಲ್ಲ ಅದು! ಸುಮ್ನೆ ಅಂದದ್ದು. ಫೈನ್ ಅಂತೇಳಿ ಬಿಡುದು."

"ಸುಮ್ನೆ ಅಂದದ್ದು ಅಂತ ಹ್ಯಾಂಗೆ ಗೊತ್ತಾಗ್ಬೇಕು?"

"ನಿಮ್ ಅಂಕೋಲೆಲಿ ದಾರಿಲಿ ಸಿಕ್ಕವ್ರು 'ಊಟ ಆಯ್ತನ್ರಾ' ಕೇಳಿದ್ರೆ ಎಂತಾ ಪಲ್ಯ ಅಂತ ಹೇಳ್ತಿಯಾ?"

ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳುತ್ತೇನೆ, ಈಗಲೂ.

ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪುಸ್ತಕದ ಗುಡ್ಡೆಯಿಂದ ಇಂಗ್ಲಿಷ್ ಮಾತಾಡಲು ಕಲಿಸುವ ಕೈಪುಸ್ತಕವೊಂದನ್ನು ತಂದೆ. ರಕ್ಷಾಪುಟ ಇರಲಿಲ್ಲ, ಆದ್ದರಿಂದ ಅದರ ಹೆಸರು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಒಳಗೆ ಪಾಠಗಳು: ರೈಲಿನಲ್ಲಿ, ವೈದ್ಯರಲ್ಲಿ, ಗೆಳತಿಯ ಮನೆಯಲ್ಲಿ, ದರ್ಜಿಯ ಅಂಗಡಿಯಲ್ಲಿ. ಎಡಕ್ಕೆ ಇಂಗ್ಲಿಷ್ ವಾಕ್ಯ, ಅದೇ ಇಂಗ್ಲಿಷು ಕನ್ನಡ ಅಕ್ಷರದಲ್ಲಿ ನಡುವೆ, ಬಲಕ್ಕೆ ಅರ್ಥ. ಕೊನೆಯ ಕೆಲವು ಹಾಳೆಗಳು ಹರಿದಿದ್ದವು. ಪರಿವಿಡಿ ನೋಡಿದರೆ ಅಲ್ಲಿದ್ದ ಪಾಠ 'ಬೀಳ್ಕೊಳ್ಳುವಾಗ'. ಅದೊಂದು ನಮಗೆ ಬರಲೇ ಇಲ್ಲ.

ನಿಯಮವನ್ನು ಮಾಡಿದವಳು ಶಾಲಿನಕ್ಕ. ಬೆಳಗಿನ ಬಸ್ಸಿನಲ್ಲಿ ಅವಳು ಅವರ್ಸಾದಲ್ಲಿ ಹತ್ತಿದಾಗಿನಿಂದ ಬಿಣಗಾ ಬರುವವರೆಗೆ ಇಂಗ್ಲಿಷು ಮಾತ್ರ. ನಡುವೆ ಯಾರು ಕನ್ನಡ ಆಡುತ್ತಾರೋ ಅವರು ಮರುದಿನ ಇನ್ನೊಬ್ಬರಿಗೆ ಒಂದು ಮೊಳ ಅಬ್ಬಲಿಗೆ ಹೂವಿನ ದಂಡೆ ತರಬೇಕು. ಬಿಣಗಾ ದಾಟಿದ ಮೇಲೆ ಕಚೇರಿಯ ಚಾಡಿ ಮಾತಾಡಲು ಕನ್ನಡವೇ ಬೇಕಾದ್ದರಿಂದ ಅಲ್ಲಿಗೆ ವಿನಾಯಿತಿ. ಅವಳ ಅಂಗಳದಲ್ಲಿ ಅಬ್ಬಲಿಗೆ ಗಿಡಗಳಿದ್ದವು. ನಾನು ಅಂಕೋಲೆಯ ಪೇಟೆಯಲ್ಲಿ ಕೊಳ್ಳಬೇಕಿತ್ತು. ಆದ್ದರಿಂದ ನಾನು ಹೆಚ್ಚು ಎಚ್ಚರದಿಂದ ಮಾತಾಡುತ್ತಿದ್ದೆ, ಅಂದರೆ ಹೆಚ್ಚು ಸುಮ್ಮನಿರುತ್ತಿದ್ದೆ.

ಪ್ರತಿದಿನ ಅವಳು ಹತ್ತಿ ನನ್ನ ಕರವಸ್ತ್ರದ ಎದುರು ನಿಂತು, ರೈಲಿನ ಪಾಠದ ಮೊದಲ ವಾಕ್ಯವನ್ನು ಗಂಭೀರವಾಗಿ ಕೇಳುವಳು: "ಈಸ್ ದಿಸ್ ಸೀಟ್ ವೇಕೆಂಟ್?" ನಾನು "ಯೆಸ್, ಪ್ಲೀಸ್ ಬಿ ಸೀಟೆಡ್" ಎಂದು ಕರವಸ್ತ್ರ ತೆಗೆಯುವುದು. ಆಮೇಲೆ ಅವಳು ಕಿಟಕಿಯ ಪಾಠಕ್ಕೆ ಹೋಗುವಳು: "ವುಡ್ ಯೂ ಮೈಂಡ್ ಇಫ್ ಐ ಓಪನ್ ದ ವಿಂಡೋ?" ತೆರೆ ಎನ್ನುವ ಒಳ್ಳೆಯ ಮನಸ್ಸಿನಿಂದ ನಾನು "ಯೆಸ್" ಅನ್ನುತ್ತಿದ್ದೆ. ಅವಳು ಪುಸ್ತಕದ ಪ್ರಕಾರ ನಡೆಯುವವಳು. ಯೆಸ್ ಎಂದರೆ ಬೇಡ ಎಂದಾಯಿತಲ್ಲ, ಕಿಟಕಿ ಮುಚ್ಚಿಕೊಂಡೇ ಬೆವರುತ್ತ ಕೂರುವಳು. ತೆರೆಯಲಿ ಎಂದಿದ್ದರೆ "ನೋ" ಅನ್ನಬೇಕಂತೆ. ಇದೆಂಥ ಭಾಷೆ ಎಂದು ಒಂದು ತಿಂಗಳು ಬೈದುಕೊಂಡೆ. ಒಂದು ದಿನ ಅಂಗಡಿಯವನಿಗೆ ನಾಳೆ ದುಡ್ಡು ತಂದರೆ ಆಗುತ್ತದೆಯೇ ಎಂದು ಕೇಳಿದಾಗ ಅವನು "ಅಡ್ಡಿಲ್ಲೆ" ಅಂದ. ಆಗ ಹೊಳೆಯಿತು. ಹುಟ್ಟಿದಾಗಿನಿಂದ ನಾವು 'ಆಗಲಿ' ಅನ್ನುವುದನ್ನು 'ಇಲ್ಲ' ಹಾಕಿಯೇ ಅನ್ನುತ್ತ ಬಂದಿದ್ದೇವೆ. ಇಂಗ್ಲಿಷಿನವರು ಅಂಕೋಲೆಗೆ ಬಂದು ಕಲಿತುಕೊಂಡು ಹೋಗಿರಬೇಕು.

ಹೀಗೆ ಒಂದೊಂದೇ ವಾಕ್ಯದ ನಡತೆ ನಮಗೆ ತಿಳಿಯುತ್ತ ಬಂತು. ಪುಸ್ತಕದಲ್ಲಿ ಬಲಗಡೆ ಬರೆದ ಅರ್ಥಕ್ಕೂ ಆ ವಾಕ್ಯ ಲೋಕದಲ್ಲಿ ಮಾಡುವ ಕೆಲಸಕ್ಕೂ ದೂರವಿದೆ. "ಐ ವಿಲ್ ಟ್ರೈ" ಎಂದು ಅಧಿಕಾರಿ ಹೇಳಿದರೆ ಆಗುವುದಿಲ್ಲ ಎಂದು ಬರೆದಿಟ್ಟುಕೊಳ್ಳಬಹುದು. ಜಾವಕದಲ್ಲಿ ನನ್ನ ಕೈಯಿಂದ ದಿನಾ ಹೋಗುತ್ತಿದ್ದ "ಕೈಂಡ್ಲಿ ಡು ದ ನೀಡ್‌ಫುಲ್" ಎಂಬುದು, ನನ್ನಿಂದಾಗದು, ನೀವೇ ನೋಡಿಕೊಳ್ಳಿ ಎಂಬುದರ ಶುಚಿಯಾದ ರೂಪ. ಮತ್ತೆ ವಾಕ್ಯದ ಚೌಕಟ್ಟುಗಳು: "ಐ ವುಡ್ ಲೈಕ್ ಟು..." ಅದು ಚಕ್ಕುಲಿ ಒರಳಿನ ಹಾಗೆ. ಹಿಟ್ಟು ಯಾವುದಾದರೂ ತುಂಬಿ ಒತ್ತು, ಅದೇ ಮುಳ್ಳಿನ ಚಕ್ಕುಲಿ ಬೀಳುತ್ತದೆ. ನಾವು ಅದರಲ್ಲಿ ರೈಲ್ವೆ ಟಿಕೆಟಿನಿಂದ ಹಿಡಿದು ಬಂಗಡೆ ಮೀನಿನವರೆಗೆ ಎಲ್ಲವನ್ನೂ ಒತ್ತಿದೆವು.

ಮೀನು ಎಂದೊಡನೆ ದೇವಮ್ಮ ನೆನಪಾದಳು. ಅಮದಳ್ಳಿಯಲ್ಲಿ ಮೀನಿನ ಬುಟ್ಟಿಯೊಂದಿಗೆ ಹತ್ತಿ ನಮ್ಮ ಕಾಲ ಬಳಿಯೇ ಕೂರುವಳು. ನಮ್ಮ ಸಂಭಾಷಣೆಯನ್ನು ತಾಳುವಷ್ಟು ತಾಳಿ ಒಂದು ದಿನ ಎಂದಳು: "ಏ ತಂಗೀ, ನಿಮ್ಮ ಇಂಗ್ಲೀಷಿಗೆ ನನ್ನ ಬಂಗಡೆ ಎದ್ದು ಓಡ್ತದೆ ನೋಡು. ಎಂತಾ ಮಾತಾಡ್ತಿರಿ ದಿನಾ? ಗಂಡಂದಿರ ಬೈತಿರೋ?"

ಶಾಲಿನಕ್ಕನಿಗೆ ಗಂಡನಿಲ್ಲ, ಮದುವೆಯೇ ಆಗಿರಲಿಲ್ಲ. ಅವಳು ಪುಸ್ತಕ ನೆನಪಿಸಿಕೊಂಡು "ಐ ಡು ನಾಟ್ ಹ್ಯಾವ್ ಎನಿ" ಎಂದಳು. ನಾನು ನಗು ತಡೆಯಲಾರದೆ "ಅಯ್ಯೋ ದೇವ್ರೇ" ಎಂದುಬಿಟ್ಟೆ. ಮರುದಿನ ಒಂದು ಮೊಳ ದಂಡ.

ನನ್ನವರು ತೀರಿಕೊಂಡು ಈಗ ಹನ್ನೊಂದು ವರ್ಷ. ಮಕ್ಕಳಿಲ್ಲ. ದಿನಗಳೆಲ್ಲ ಮುಗಿದು ಮೊದಲ ಸಲ ಕೆಲಸಕ್ಕೆ ಹೊರಟ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ನಾಲ್ಕು ಜನ ಸಿಕ್ಕರು. ಎದೆನೋವು ಎಷ್ಟು ಹೊತ್ತಿಗೆ ಬಂತು, ನೀರು ಕೇಳಿದರೇ, ಕೊನೆಗೆ ಏನಂದರು. ಎಲ್ಲರೂ ಪ್ರೀತಿಯಿಂದಲೇ ಕೇಳಿದ್ದು. ನಾನು ಎಲ್ಲರಿಗೂ ಹೇಳಿದೆ. ನಾನು ಊಟದ ಪಲ್ಯ ಹೇಳುವ ಹೆಂಗಸಲ್ಲವೇ. ಹೇಳಿ ಹೇಳಿ ಒಳಗೆಲ್ಲ ತೊಳೆದಿಟ್ಟ ಚರಿಗೆಯ ಹಾಗೆ ಖಾಲಿಯಾಗಿತ್ತು. ಅವರ್ಸಾ ಬರುತ್ತಿದ್ದ ಹಾಗೆ, ಇನ್ನು ಶಾಲಿನಕ್ಕ ಹತ್ತಿ ಕೈ ಹಿಡಿದುಕೊಂಡು ಅಳುತ್ತಾಳೆ, ಅವಳಿಗೂ ಮೊದಲಿನಿಂದ ಹೇಳಬೇಕು ಎಂದುಕೊಂಡು ಭಯವಾಯಿತು.

ಅವಳು ಹತ್ತಿದಳು. ಕೊಡೆಯಿಂದ ನೀರು ಸುರಿಯುತ್ತಿತ್ತು. ಕರವಸ್ತ್ರದ ಎದುರು ನಿಂತು ಕೇಳಿದಳು: "ಈಸ್ ದಿಸ್ ಸೀಟ್ ವೇಕೆಂಟ್?"

ನಾನು ಕರವಸ್ತ್ರ ತೆಗೆದೆ. ಮಳೆ ಗಾಜಿಗೆ ರಪರಪ ಬಡಿಯುತ್ತಿತ್ತು, ದಾರಿಯ ಸೇತುವೆಯ ಕೆಳಗಿನ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಅದನ್ನೇ ನೋಡುತ್ತ ಅವಳು ಗೆಳತಿಯ ಮನೆಯ ಪಾಠದಿಂದ ಒಂದು ವಾಕ್ಯ ತೆಗೆದಳು. "ಇಟ್ ಈಸ್ ಎ ಪ್ಲೆಸೆಂಟ್ ಡೇ, ಈಸ್ ಇಟ್ ನಾಟ್?" ಆಹ್ಲಾದಕರ ದಿನ, ಅಲ್ಲವೇ?

"ಯೆಸ್," ನಾನೆಂದೆ, "ಇಟ್ ಈಸ್."

ಅಷ್ಟೇ. ಏನನ್ನೂ ಕೇಳದ ವಾಕ್ಯ ಅದು. ಉತ್ತರವೂ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿತ್ತು, ನಾನು ಹುಡುಕಬೇಕಾಗಿರಲಿಲ್ಲ. ಹದಿಮೂರು ದಿನಗಳಲ್ಲಿ ನನಗೆ ಅಂಥ ಸಹಾಯವನ್ನು ಬೇರೆ ಯಾರೂ ಮಾಡಿರಲಿಲ್ಲ. ಅಮದಳ್ಳಿ ದಾಟಿದ ಮೇಲೆ ಅವಳೇ ತಡೆಯಲಾರದೆ "ಸಾವ್ತ್ರೀ, ಹೊಟ್ಟೆಗೆ ತಿಂತಿಯಲ್ಲೇ?" ಎಂದಳು. ನಿಯಮ ಮುರಿಯಿತು. ಮರುದಿನ ಅವಳು ಬಾಳೆಲೆಯ ಪೊಟ್ಟಣ ಹಿಡಿದುಕೊಂಡು ಹತ್ತಿದಳು. ನನ್ನೆದುರು ನಿಂತ ಮೇಲೆ ಅವಳಿಗೆ ನೆನಪಾಯಿತೆಂದು ಕಾಣುತ್ತದೆ, ನಾನು ಇನ್ನು ಹೂ ಮುಡಿಯುವಂತಿಲ್ಲವೆಂದು. ಕೈ ಅರ್ಧಕ್ಕೇ ನಿಂತಿತು. ಆಮೇಲೆ ಪೊಟ್ಟಣವನ್ನು ನನ್ನ ಮಡಿಲಿಗೆ ಇಟ್ಟೇ ಬಿಟ್ಟಳು. ದಂಡ ಎಂದರೆ ದಂಡ. ಅಂದಿನಿಂದ ನಾನು ಗೆದ್ದ ಅಬ್ಬಲಿಗೆಯೆಲ್ಲ ಕಚೇರಿಯ ಮೇಜಿನ ಮೇಲಿನ ನೀರಿನ ಲೋಟದಲ್ಲಿ ಇರುತ್ತಿತ್ತು.

ಹೋದ ಮಳೆಗಾಲದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದಿತು, ಮಾತು ಹೋಯಿತು. ಅಣ್ಣ ಮತ್ತು ವೈನಿ, ಅಂದರೆ ಅತ್ತಿಗೆ, ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂರು ವಾರ ಇದ್ದು ಬಂದರು. ಮನೆಗೆ ಬಂದ ಕೆಲವು ದಿನಕ್ಕೆ ವೈನಿಯ ಫೋನು.

"ಸಾವಿತ್ರಿ, ನೀ ಒಮ್ಮೆ ಬಾ. ಅದು ಮಾತಾಡೂಕೆ ಸುರು ಮಾಡಿದೆ."

"ಒಳ್ಳೇದೇ ಆಯ್ತಲ್ರಾ ವೈನಿ!"

"ಎಂತಾ ಒಳ್ಳೇದು? ಇಂಗ್ಲೀಷು ಮಾತಾಡ್ತದೆ. ಗಂಜಿ ಕುಡಿಸಿದ್ರೆ ನಂಗೆ ಥ್ಯಾಂಕ್ಯೂ ವೆರಿ ಮಚ್ ಹೇಳ್ತದೆ. ಮೂವತ್ತು ವರ್ಷ ಒಂದೇ ಒಲೆ ಹತ್ರ ಇದ್ದವ್ರು ನಾವು. ನನ್ ಹೆಸ್ರು ಬರೂದಿಲ್ಲ ಅದಕ್ಕೆ, ಥ್ಯಾಂಕ್ಯೂ ಬರ್ತದೆ."

ಡಾಕ್ಟರು ಹೇಳಿದ್ದರಂತೆ: ಬಾಯಿಪಾಠ ಮಾಡಿದ ಮಾತು ಇಡಿಯಾಗಿ ಒಂದೆಡೆ ಕುಳಿತಿರುತ್ತದೆ, ಕೆಲವರಿಗೆ ಅದು ಉಳಿಯುತ್ತದೆ. ನಮ್ಮದೇ ಮಾತನ್ನು ಮಾತ್ರ ಪ್ರತಿಸಲವೂ ಪದ ಪದ ಹುಡುಕಿ ಹೊಸದಾಗಿ ಕಟ್ಟಬೇಕು. ಆ ಹುಡುಕುವ ದಾರಿಯೇ ಅವಳಿಗೆ ಮುಚ್ಚಿತ್ತು.

ಆ ಭಾನುವಾರ ನಾನು ಮೊದಲ ಸಲ ಅವರ್ಸಾದಲ್ಲಿ ಇಳಿದೆ. ಅವಳು ಜಗಲಿಯ ಮೇಲೆ ಆರಾಮಕುರ್ಚಿಯಲ್ಲಿದ್ದಳು. ಬಾಯಿಯ ಒಂದು ತುದಿ ಜಾರಿತ್ತು. ನನ್ನನ್ನು ಕಂಡು ಕಣ್ಣು ಅಗಲವಾಯಿತು, ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ. ಪಕ್ಕದಲ್ಲೊಂದು ಖಾಲಿ ಸ್ಟೂಲು. ನಾನು ಅದರ ಎದುರು ನಿಂತು ಕೇಳಿದೆ: "ಈಸ್ ದಿಸ್ ಸೀಟ್ ವೇಕೆಂಟ್?"

"ಯೆಸ್," ಎಂದಳು ಶಾಲಿನಕ್ಕ, ತೊಡರಿಲ್ಲದೆ. "ಪ್ಲೀಸ್ ಬಿ ಸೀಟೆಡ್."

ಅಲ್ಲಿಂದ ನಾವು ಅವರ್ಸಾದಿಂದ ಬಿಣಗಾವರೆಗೆ ಹೋದೆವು. ಕಿಟಕಿ, ಹವೆ, ದರ್ಜಿಯ ಅಂಗಡಿ, ಎಲ್ಲ. ಅವಳು ನಕ್ಕಳು. ವೈನಿ ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತು ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದಳು.

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಆ ಭಾನುವಾರಗಳು ಬಹಳ ಇಷ್ಟವಾದವು. ವಾರವಿಡೀ ಮನೆಯಲ್ಲಿ ನನ್ನ ದನಿ ಕೇಳುವುದು ಕುಕ್ಕರಿಗೂ ಬೆಕ್ಕಿಗೂ ಮಾತ್ರ. ಇಲ್ಲಿ, ಇಡೀ ಊರಿನಲ್ಲಿ ಒಬ್ಬಳೊಂದಿಗೆ ಮಾತಾಡಬಲ್ಲವಳು ನಾನೊಬ್ಬಳೇ. ಅವಳು ಪೂರ್ತಿ ನನ್ನವಳಾಗಿದ್ದಳು. ಕಾಯಿಲೆಯವಳ ಪಕ್ಕ ಕುಳಿತು ಹೀಗೆ ಸುಖಪಡುವುದು ತಪ್ಪೆಂದು ಗೊತ್ತಿದ್ದೂ ನಾನು ಪ್ರತಿ ಶನಿವಾರ ಕೈಪುಸ್ತಕ ತೆಗೆದು ಮರೆತ ಪಾಠಗಳನ್ನು ಉರುಹೊಡೆಯುತ್ತಿದ್ದೆ.

ಐದಾರು ವಾರಗಳ ಮೇಲೆ ವೈನಿ ನನ್ನನ್ನು ಬಾವಿಯ ಹತ್ತಿರ ಕರೆದಳು.

"ಸಾವಿತ್ರಿ, ನೀ ಸಿಟ್ಟಾಗ್ಬೇಡ ಹಾಂ. ಮಾತು ಕಲಿಸೂಕೆ ಬರ್ತದಲ್ಲ ಹುಡುಗಿ, ಅದು ಹೇಳ್ತದೆ, ಇಂಗ್ಲೀಷು ಆಡ್ಸಬೇಡಿ ಅಂತ. ಅದು ಸುಲಭ ಅಲ್ವಾ? ಸುಲಭ ಸಿಕ್ರೆ ಕಷ್ಟದ್ದು ಯಾರು ಹುಡುಕ್ತಾರೆ? ನೀ ಬಂದ್ರೆ ಅದಕ್ಕೆ ಖುಷಿ, ಖರೆ. ನೀ ಹೋದ್ಮೇಲೆ ಎರಡು ದಿನ ನಮ್ ಸಂಗ್ತಿಗೆ ಬಾಯೇ ಬಿಡೂದಿಲ್ಲ." ಕೊಡದ ಹಗ್ಗ ಬಿಚ್ಚುತ್ತ, ನನ್ನ ಕಡೆ ನೋಡದೆ ಸೇರಿಸಿದಳು: "ನಂಗೂ ಅದರ ಸಂಗ್ತಿಗೆ ಮಾತಾಡ್ಬೇಕು ಅನ್ನಿಸ್ತದಲ್ಲ."

ಎರಡು ಭಾನುವಾರ ನಾನು ಹೋಗಲಿಲ್ಲ. ಮೊಣಕಾಲು ನೋವು ಎಂದು ಫೋನಿನಲ್ಲಿ ಹೇಳಿದೆ. ನೋವು ಇತ್ತು, ಸುಳ್ಳಲ್ಲ. ಆದರೆ ಅದು 'ಐ ವಿಲ್ ಟ್ರೈ' ಜಾತಿಯ ನಿಜ. ಇಂಗ್ಲಿಷು ಬಿಟ್ಟರೆ ನಾನು ಅಲ್ಲಿ ಹೋಗಿ ಏನಾಗಿ ಕೂರಬೇಕು? ಬಂದು ಹೋಗುವ ಹತ್ತು ಜನರಲ್ಲಿ ಒಬ್ಬಳಾಗಿ, ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡೇ?

ಮೂರನೆಯ ಭಾನುವಾರ ಹೋದೆ. ಸ್ಟೂಲಿನ ಬಳಿ ನಿಂತೆ, ಏನೂ ಕೇಳಲಿಲ್ಲ. ಅವಳೇ ಕಾದು ಕಾದು ಕೇಳಿದಳು: "ಈಸ್ ದಿಸ್ ಸೀಟ್ ವೇಕೆಂಟ್?" ಸೀಟು ಅವಳ ಮನೆಯದು, ಕೇಳಬೇಕಾದವಳು ನಾನು. ಅವಳಿಗೆ ಅದೆಲ್ಲ ಇರಲಿಲ್ಲ, ನಾನು ಉತ್ತರ ಕೊಡಬೇಕಿತ್ತು ಅಷ್ಟೇ. ಉತ್ತರ ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, "ಖಾಲಿ ಅದೆ ಶಾಲಿನಕ್ಕ, ನಾ ಕೂತ್ಕಳ್ತೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಅವಳ ಎಡಗೈ ಮೆಲ್ಲಗೆ ಎದ್ದಿತು, ತೋರುಬೆರಳು ನನ್ನ ಮೂಗಿಗೆ ನೇರವಾಯಿತು. ಅದೇ ಕೈ ಹಿಂದೆ ಹೋಗಿ ತನ್ನ ತುರುಬನ್ನು ಮುಟ್ಟಿ ತೋರಿಸಿತು. ಸಿಕ್ಕಿಬಿದ್ದೆ! ನಡು ದಾರಿಯಲ್ಲಿ ಕನ್ನಡ! ನಾಳೆ ಅಬ್ಬಲಿಗೆ ತಾ!

ಮುಂದಿನ ವಾರ ಅಂಕೋಲೆಯ ಪೇಟೆಯಿಂದ ಒಂದು ಮೊಳ ಒಯ್ದೆ. ಹೋದೊಡನೆ ಕನ್ನಡ ಆಡಿ ಮತ್ತೆ ಸೋತೆ. ಮತ್ತೊಂದು ವಾರ ಮತ್ತೊಂದು ಮೊಳ. "ಅಂಗಳ ತುಂಬ ಅಬ್ಬಲಿಗೆ ಅದೆ, ಈ ಹುಚ್ಚಿ ಪೇಟೆಯಿಂದ ತರ್ತದೆ" ಎಂದು ವೈನಿ ನಗುತ್ತ ಅದನ್ನು ಅವಳ ತುರುಬಿಗೆ ಸಿಕ್ಕಿಸುವಳು. ನಾನು ಕನ್ನಡದಲ್ಲಿ ಕಚೇರಿಯ ಸುದ್ದಿ ಹೇಳುತ್ತ ಹೋಗುವುದು, ಅವಳು ಸುಮ್ಮನೆ ಕೇಳುವುದು. ಮೊದಲಿನಷ್ಟು ನಗುತ್ತಿರಲಿಲ್ಲ. ಒಬ್ಬರ ಪಕ್ಕದಲ್ಲೇ ಕುಳಿತು ಅವರಿಂದ ಅಷ್ಟು ದೂರ ನಾನೆಂದೂ ಇದ್ದವಳಲ್ಲ. ಒಂದೇ ಒಂದು ಪ್ಲೆಸೆಂಟ್ ಡೇ ಅಂದುಬಿಡಲೇ ಎಂದು ಪ್ರತಿಸಲವೂ ಅನಿಸುತ್ತಿತ್ತು. ಅನ್ನಲಿಲ್ಲ. ಇದು ಶಿವರಾತ್ರಿ ಕಳೆದು ಬಿಸಿಲು ಬಲಿಯುವವರೆಗೆ ನಡೆಯಿತು.

ಮೊನ್ನೆ ಭಾನುವಾರ ಬಸ್ಸು ತಡವಾಗಿ, ಬೆವರಿ ಒದ್ದೆಯಾಗಿ ತಲುಪಿದೆ. ವೈನಿ ಎಂದಿನಂತೆ ದಂಡೆ ತೆಗೆದುಕೊಂಡು ಅವಳಿಗೆ ಮುಡಿಸಿ ಒಳಗೆ ಹೋದಳು. ನಾನು ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಶಾಲಿನಕ್ಕ ನನ್ನನ್ನು ನೋಡಿದಳು. ಕುತ್ತಿಗೆ ಒಳಬಾಗಿಲ ಕಡೆ ಹೊರಳಿತು. ಗಂಟಲಿನಲ್ಲಿ ಏನೋ ಉರುಳಿತು, ನಿಂತಿತು, ಮತ್ತೆ ಉರುಳಿತು.

"ವೈನೀ," ಎಂದಳು. ಬಹಳ ಹೊತ್ತು ಬಿಟ್ಟು, ಕಲ್ಲು ಎತ್ತಿಡುವವಳಂತೆ: "ಹಿಕಾ... ಚಾ ದೀ."

ಇವಳಿಗೆ ಚಹಾ ಕೊಡು.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ವೈನಿ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಇಕ್ಕಳ. "ಎಂತಾ ಅಂತು ಅದು? ಸಾವಿತ್ರಿ, ನನ್ನ ಕರೀತಾ?"

"ಹೌದು ವೈನಿ. ನಿಮ್ಮನ್ನೇ."

ವೈನಿ ಇಕ್ಕಳ ಹಿಡಿದುಕೊಂಡೇ ಒಳಗೆ ಓಡಿದಳು. ಚಹಾ ಇಡುತ್ತ ಅಳುವುದು, ಅಳುತ್ತ ಅವಳೊಂದಿಗೆ ಕೊಂಕಣಿಯಲ್ಲಿ ಕೂಗಿ ಮಾತಾಡುವುದು ಜಗಲಿಗೆ ಕೇಳುತ್ತಿತ್ತು. ಶಾಲಿನಕ್ಕ ಒಳಗಿನ ಆ ದನಿಗೆ ತಲೆಯಾಡಿಸುತ್ತಿದ್ದಳು, ನನಗಲ್ಲ. ನಾನು ಅಂಗಳದ ಗಿಡ ನೋಡುತ್ತ ಕುಳಿತೆ.

ಆಮೇಲೆ ನನ್ನ ಮೊಣಕೈಯನ್ನು ಯಾರೋ ತಟ್ಟಿದರು. ಅವಳು ಎಡಗೈಯನ್ನು ಹಿಂದಕ್ಕೆ ಒಯ್ದು ತುರುಬಿನಿಂದ ದಂಡೆಯನ್ನು ಎಳೆಯುತ್ತಿದ್ದಳು. ಪಿನ್ನು ಕಚ್ಚಿಕೊಂಡಿತ್ತು, ನಾಲ್ಕು ಕೂದಲ ಸಮೇತ ಬಂತು. ಅದನ್ನು ನನ್ನ ಮುಂದೆ ಹಿಡಿದಳು. ನಿಯಮ ಮುರಿದವಳು ಈ ಸಲ ಅವಳು. ಹೊಸ ವಾಕ್ಯ ಯಾವುದೂ ಬರಲಿಲ್ಲ, ಹಳೆಯದೂ ಬರಲಿಲ್ಲ. ಕೈ ಅರ್ಧಕ್ಕೆ ನಿಲ್ಲಲೂ ಇಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕರವಸ್ತ್ರ ತೆಗೆಯಲು ಚೀಲಕ್ಕೆ ಕೈಹಾಕಿದಾಗ ಅಬ್ಬಲಿಗೆ ಕೈಗೆ ಬಂತು. ಹೂವಿಗೆ ಅವಳ ತಲೆಯ ತೆಂಗಿನೆಣ್ಣೆಯ ವಾಸನೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡೆ. ಆಮೇಲೆ ಕನ್ನಡಿಯಿಲ್ಲದೆ, ಹನ್ನೊಂದು ವರ್ಷದಿಂದ ಅಭ್ಯಾಸ ತಪ್ಪಿದ ಕೈಯಲ್ಲಿ, ಸೊಟ್ಟಗೆ ಮುಡಿದುಕೊಂಡೆ.

ಮಗುವನ್ನು ಎತ್ತಿಕೊಂಡ ಒಬ್ಬಳು ಬಂದು ನಿಂತು, "ಇಲ್ಲಿ ಯಾರಾದ್ರೂ ಬತ್ರನ್ರಾ?" ಎಂದು ಕೇಳಿದಳು.

"ಯಾರೂ ಇಲ್ಲ," ಎಂದೆ. "ಕೂತ್ಕಾ."